ಗ್ಲೈಸಿನ್: ಎಲ್ಲಕ್ಕಿಂತ ಪುಟ್ಟ ಅಮೈನೊ ಆಮ್ಲದ ಬಗ್ಗೆ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲು ಮತ್ತು ಪಿಯುಸಿ ಮಕ್ಕಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರೋಟೀನ್ ಪಾಠದಲ್ಲಿ 20 ಅಮೈನೊ ಆಮ್ಲಗಳ ಪಟ್ಟಿ ಬರುತ್ತದೆ. ಗ್ಲೈಸಿನ್ ಬಗ್ಗೆ "ಇದು ಎಲ್ಲಕ್ಕಿಂತ ಸರಳ" ಅಂತ ಒಂದು ಸಾಲು ಓದಿ ಪುಟ ತಿರುಗಿಸುತ್ತೇವೆ. ಸರಳ ಅನ್ನುವುದು ನಿಜ. ಆದರೆ ಬೇರೆಯವಕ್ಕೆ ಕೂರಲು ಜಾಗವಿಲ್ಲದ ಕಡೆ ಇದು ಕೂರುತ್ತದೆ. ಇದರ ಅರ್ಧ ಕತೆ ಇರುವುದೇ ಅಲ್ಲಿ.

ಗ್ಲೈಸಿನ್ ಅಂದರೆ ಏನು?

ನಮ್ಮ ದೇಹದ ಪ್ರೋಟೀನ್‌ಗಳೆಲ್ಲ ಅಮೈನೊ ಆಮ್ಲಗಳಿಂದ ಆದವು. ಒಂದಕ್ಕೊಂದು ಸೇರಿಕೊಂಡು ಉದ್ದ ಸರಪಳಿ ಆಗುತ್ತವೆ, ಆ ಸರಪಳಿ ಮಡಚಿಕೊಂಡು ಪ್ರೋಟೀನ್ ಆಗುತ್ತದೆ. ಹೀಗೆ ಬಳಕೆಯಾಗುವ 20 ಬಗೆಗಳಲ್ಲಿ ಗ್ಲೈಸಿನ್ ಒಂದು, ಗಾತ್ರದಲ್ಲಿ ಎಲ್ಲಕ್ಕಿಂತ ಚಿಕ್ಕದು. ಒಂದು ಅಣುವಿನಲ್ಲಿ ಇರುವುದು ಬರೀ 10 ಪರಮಾಣು: ಕಾರ್ಬನ್ 2, ಹೈಡ್ರೋಜನ್ 5, ನೈಟ್ರೋಜನ್ 1, ಆಕ್ಸಿಜನ್ 2. ಅಣುತೂಕ ಸುಮಾರು 75. ಅದೇ ಪಟ್ಟಿಯ ದೊಡ್ಡಣ್ಣ ಟ್ರಿಪ್ಟೊಫಾನ್‌ನಲ್ಲಿ 27 ಪರಮಾಣು ಇವೆ, ಅಣುತೂಕ 204.

ಪ್ರತಿ ಅಮೈನೊ ಆಮ್ಲದ ಅಣುವಿನ ನಡುವೆ ಒಂದು ಕಾರ್ಬನ್ ಇರುತ್ತದೆ. ಅದಕ್ಕೆ ಒಂದು ಕಡೆ ಅಮೈನ್ ಗುಂಪು, ಇನ್ನೊಂದು ಕಡೆ ಆಮ್ಲದ ಗುಂಪು, ಮತ್ತೊಂದು ಕಡೆ ಹೈಡ್ರೋಜನ್. ಇಷ್ಟು ಬಹುತೇಕ ಎಲ್ಲಕ್ಕೂ ಒಂದೇ. ನಾಲ್ಕನೇ ಕಡೆ ಏನಿದೆ ಅನ್ನುವುದರ ಮೇಲೆ ಅದು ಯಾವ ಅಮೈನೊ ಆಮ್ಲ ಅಂತ ತೀರ್ಮಾನ ಆಗುತ್ತದೆ. ಕೆಲವಕ್ಕೆ ಅಲ್ಲಿ ದೊಡ್ಡ ಉಂಗುರ, ಕೆಲವಕ್ಕೆ ಉದ್ದ ಬಾಲ. ಗ್ಲೈಸಿನ್‌ಗೆ ಅಲ್ಲಿಯೂ ಮತ್ತೊಂದು ಹೈಡ್ರೋಜನ್, ಅಷ್ಟೇ.

ಆಮ್ಲ ಅಂತೀರಿ. ಕೈ ಸುಡಲ್ವಾ?

ಸುಡುವುದಿಲ್ಲ. ಆಮ್ಲದ ಗುಂಪು ಬಿಟ್ಟುಕೊಡುವ ಹೈಡ್ರೋಜನ್ ಅಯಾನನ್ನು ಅದೇ ಅಣುವಿನ ಅಮೈನ್ ಗುಂಪು ಹಿಡಿದುಕೊಳ್ಳುತ್ತದೆ. ಒಂದು ತುದಿಗೆ ಋಣ ಆವೇಶ, ಇನ್ನೊಂದು ತುದಿಗೆ ಧನ ಆವೇಶ, ಒಟ್ಟಿನಲ್ಲಿ ಸೊನ್ನೆ. ಇಂಥ ಅಣುವಿಗೆ ಜ್ವಿಟರ್ ಅಯಾನ್ ಅನ್ನುತ್ತಾರೆ. ನೀರಿನಲ್ಲಿ ಕರಗಿಸಿದರೆ ಪಿಎಚ್ ಸುಮಾರು 6. ನಿಂಬೆಹಣ್ಣಿನ ರಸ ಇದಕ್ಕಿಂತ ಎಷ್ಟೋ ಪಾಲು ಹುಳಿ.

ನೋಡೋಕೆ ಹೇಗಿರುತ್ತದೆ? ರುಚಿ ಇದೆಯಾ?

ಬಿಳಿ ಹರಳಿನ ಪುಡಿ. ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ರುಚಿ ಸಿಹಿ, ಸಕ್ಕರೆಗಿಂತ ಒಂಚೂರು ಕಡಿಮೆ. ಹಾಗಂತ ಲ್ಯಾಬಿನ ಬಾಟಲಿಯಿಂದ ತೆಗೆದು ನಾಲಿಗೆಗೆ ಇಡಬೇಡಿ, ಅಲ್ಲಿನ ಚಮಚ ಮೊದಲು ಯಾವ ಬಾಟಲಿಯಲ್ಲಿತ್ತೋ ಯಾರಿಗೆ ಗೊತ್ತು! ರುಚಿ ನೋಡಲೇಬೇಕು ಅಂದರೆ ಬೇರೆ ದಾರಿ ಇದೆ. ಕರಾವಳಿಯವರಿಗೆ ತಾಜಾ ಸಿಗಡಿ, ಏಡಿಯ ಮಾಂಸದಲ್ಲಿನ ಸಣ್ಣ ಸಿಹಿ ಗೊತ್ತೇ ಇರುತ್ತದೆ. ಅದರಲ್ಲಿ ದೊಡ್ಡ ಪಾಲು ಆ ಮಾಂಸದಲ್ಲಿ ಬಿಡಿಬಿಡಿಯಾಗಿ ಇರುವ ಗ್ಲೈಸಿನ್‌ನದು. ತಿಂಡಿ ಪ್ಯಾಕೆಟ್ಟಿನ ಹಿಂದೆ ಐಎನ್ಎಸ್ 640 ಅಂತ ಕಂಡರೆ ಅದೂ ಇದೇ (ಐಎನ್ಎಸ್ ಅಂದರೆ ತಿಂಡಿಗೆ ಬೆರೆಸುವ ಪದಾರ್ಥಗಳಿಗೆ ಕೊಟ್ಟಿರುವ ನಂಬರ್). ರುಚಿ ಹೆಚ್ಚಿಸಲು ಹಾಕುತ್ತಾರೆ.

ಮೆಡಿಕಲ್ ಶಾಪಿನ ಗ್ಲಿಸರಿನ್ ಮತ್ತು ಇದು ಒಂದೇನಾ?

ಅಲ್ಲವೇ ಅಲ್ಲ. ಚಳಿಗಾಲದಲ್ಲಿ ತುಟಿಗೆ ಹಚ್ಚುವ ಗ್ಲಿಸರಿನ್ ಒಂದು ಬಗೆಯ ಆಲ್ಕೊಹಾಲ್, ಎಣ್ಣೆ ಕೊಬ್ಬಿನಿಂದ ಬರುತ್ತದೆ. ಅದರಲ್ಲಿ ನೈಟ್ರೋಜನ್ ಇಲ್ಲ, ಗ್ಲೈಸಿನ್‌ನಲ್ಲಿ ಇದೆ. ಇನ್ನೊಂದು ಗೊಂದಲ ಇಂಟರ್ನೆಟ್‌ನಲ್ಲಿ ಹುಡುಕುವಾಗ ಆಗುತ್ತದೆ. ಗ್ಲೈಸಿನ್ ಅಂತ ಹುಡುಕಿದರೆ ಸೋಯಾಬೀನ್ ಗಿಡದ ಫೋಟೊ ಬರುತ್ತದೆ. ಸೋಯಾದ ಸಸ್ಯಶಾಸ್ತ್ರೀಯ ಹೆಸರು ಗ್ಲೈಸಿನ್ ಮ್ಯಾಕ್ಸ್, ಅದಕ್ಕೆ. ಹೆಸರು ಒಂದೇ, ವಸ್ತು ಬೇರೆ.

ಇದನ್ನು ಕಂಡುಹಿಡಿದವರು ಯಾರು?

ಫ್ರಾನ್ಸಿನ ರಸಾಯನ ವಿಜ್ಞಾನಿ ಆನ್ರಿ ಬ್ರಾಕೊನೊ, 1820ರಲ್ಲಿ. ಪ್ರಾಣಿಗಳ ಚರ್ಮ, ಮೂಳೆ ಕುದಿಸಿದಾಗ ಸಿಗುವ ಜೆಲಟಿನ್ ಅನ್ನು ಸಲ್ಫ್ಯೂರಿಕ್ ಆಮ್ಲದ ಜೊತೆ ಕುದಿಸಿ ನೋಡಿದರು. ಸಿಹಿ ಹರಳು ಸಿಕ್ಕಿತು. ಇದು ಒಂದು ಬಗೆಯ ಸಕ್ಕರೆ ಇರಬೇಕು ಅಂದುಕೊಂಡು ಜೆಲಟಿನ್ ಸಕ್ಕರೆ ಅಂತಲೇ ಕರೆದರು. ಆದರೆ ಸಕ್ಕರೆಯನ್ನು ಹುದುಗಿಸುವ ಯೀಸ್ಟ್ ಇದನ್ನು ಹುದುಗಿಸಲಿಲ್ಲ. ಇದರಲ್ಲಿ ನೈಟ್ರೋಜನ್ ಇದೆ, ಹಾಗಾಗಿ ಸಕ್ಕರೆಯ ಜಾತಿಯಲ್ಲ ಅಂತ ಖಚಿತವಾಗಿದ್ದು ಮುಂದೆ.

ಜೆಲಟಿನ್‌ನಲ್ಲೇ ಯಾಕೆ ಅಷ್ಟೊಂದು ಗ್ಲೈಸಿನ್?

ಮಾಂಸ ತಿನ್ನುವ ಮನೆಯವರಾದರೆ ಒಂದು ವಿಷಯ ಗಮನಿಸಿರುತ್ತೀರಿ. ರಾತ್ರಿ ಮಾಡಿದ ಕಾಲು ಸೂಪನ್ನು ಬೆಳಿಗ್ಗೆ ಫ್ರಿಜ್ಜಿನಿಂದ ತೆಗೆದಾಗ ಪಾತ್ರೆ ಓರೆ ಮಾಡಿದರೂ ಸೂಪು ಹರಿಯುವುದಿಲ್ಲ. ಚಮಚ ಇಟ್ಟರೆ ನಡುಗುತ್ತದೆ. ಮತ್ತೆ ಒಲೆಯ ಮೇಲಿಟ್ಟರೆ ಎರಡೇ ನಿಮಿಷದಲ್ಲಿ ನೀರು. ಆ ನಡುಗುವ ಪದಾರ್ಥವೇ ಜೆಲಟಿನ್. ಕುರಿಯ ಕಾಲಿನ ಚರ್ಮ, ಮೂಳೆ, ನರದಂಥ ಬಿಳಿ ಹುರಿಗಳಲ್ಲಿ ಕೊಲಾಜೆನ್ ಎಂಬ ಪ್ರೋಟೀನ್ ಇರುತ್ತದೆ. ಗಂಟೆಗಟ್ಟಲೆ ಕುದಿಸಿದಾಗ ಅದು ಬಿಚ್ಚಿಕೊಂಡು ಜೆಲಟಿನ್ ಆಗುತ್ತದೆ.

ಕೊಲಾಜೆನ್ ನಮ್ಮಲ್ಲೂ ಇದೆ, ತುಂಬಾ ಇದೆ. ದೇಹದ ಒಟ್ಟು ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಇದೊಂದೇ. ಚರ್ಮ ಹರಿಯದೆ ಇರುವುದು, ಮೂಳೆ ಪುಡಿಪುಡಿ ಆಗದೆ ಇರುವುದು ಇದರಿಂದ. ಇದರ ರಚನೆ ಮೂರು ಎಳೆಯ ಜಡೆ ಇದ್ದ ಹಾಗೆ: ಮೂರು ಪ್ರೋಟೀನ್ ಸರಪಳಿಗಳು ಒಂದಕ್ಕೊಂದು ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಹೀಗೆ ಸುತ್ತಿಕೊಂಡಾಗ ಪ್ರತಿ ಸರಪಳಿಯ ಪ್ರತಿ ಮೂರನೇ ಅಮೈನೊ ಆಮ್ಲ ಒಳಭಾಗಕ್ಕೆ, ಸರಿಯಾಗಿ ನಡುವಿಗೆ ಬರುತ್ತದೆ. ಅಲ್ಲಿ ಜಾಗವೇ ಇಲ್ಲ. ಒಂದು ಹೈಡ್ರೋಜನ್ ಪರಮಾಣು ಹಿಡಿಸುವಷ್ಟು ಸಂದು ಮಾತ್ರ. ಹಾಗಾಗಿ ಅಲ್ಲಿ ಕೂರಲು ಆಗುವುದು ಗ್ಲೈಸಿನ್‌ಗೆ ಮಾತ್ರ. ಗ್ಲೈಸಿನ್, ಬೇರೊಂದು, ಮತ್ತೊಂದು. ಮತ್ತೆ ಗ್ಲೈಸಿನ್, ಬೇರೊಂದು, ಮತ್ತೊಂದು. ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳ ಉದ್ದಕ್ಕೂ ಇದೇ ಲೆಕ್ಕ. ಬ್ರಾಕೊನೊ ಅವರ ಪಾತ್ರೆಯಲ್ಲಿ ಗ್ಲೈಸಿನ್ ಅಷ್ಟು ಸುಲಭವಾಗಿ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಕೊಲಾಜೆನ್ನಿನ ಈ ರಚನೆಯನ್ನು ನಮ್ಮ ದೇಶದವರೇ ಕಂಡುಹಿಡಿದರು ಅಂತಾರೆ, ನಿಜವಾ?

ನಿಜ. ಈ ಪ್ರಶ್ನೆ ಕೇಳಿದವರಿಗೆ ಒಂದು ಶಭಾಷ್. ಜಿ.ಎನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ವಿದ್ಯಾರ್ಥಿ ಆಗಿದ್ದವರು. ಆಮೇಲೆ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಗೋಪಿನಾಥ್ ಕರ್ತಾ ಜೊತೆ ಸೇರಿ 1954 ಮತ್ತು 1955ರಲ್ಲಿ ಕೊಲಾಜೆನ್ನಿನ ಮೂರು ಎಳೆಯ ರಚನೆಯನ್ನು ಪ್ರಕಟಿಸಿದರು. ಕಾಂಗರೂ ಬಾಲದ ಹುರಿಯ ಮೂಲಕ ಎಕ್ಸ್‌ರೇ ಹಾಯಿಸಿ ತೆಗೆದ ಚಿತ್ರಗಳು ಅವರಿಗೆ ಸುಳಿವು ಕೊಟ್ಟವು. ಜೊತೆಗೆ ಇನ್ನೊಂದು ಸುಳಿವು ಇತ್ತು: ಕೊಲಾಜೆನ್ನಿನಲ್ಲಿ ಮೂರನೇ ಒಂದು ಭಾಗ ಗ್ಲೈಸಿನ್. ಅದು ಸುಮ್ನೆ ಹಾಗೆ ಇರಲಿಕ್ಕಿಲ್ಲ, ಪ್ರತಿ ಮೂರನೇ ಜಾಗದಲ್ಲಿ ಅದೇ ಇರಬೇಕು ಅಂತ ಲೆಕ್ಕ ಹಾಕಿದರು.

1963ರಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ ಅವರು ಇನ್ನೊಂದು ಕೆಲಸ ಮಾಡಿದರು. ಪ್ರೋಟೀನ್ ಸರಪಳಿ ಯಾವ ಯಾವ ಕೋನಕ್ಕೆ ತಿರುಗಬಹುದು, ಯಾವುದಕ್ಕೆ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಅಂತ ತೋರಿಸುವ ನಕ್ಷೆ. ಜಗತ್ತಿನಾದ್ಯಂತ ಅದಕ್ಕೆ ರಾಮಚಂದ್ರನ್ ಪ್ಲಾಟ್ ಅನ್ನುತ್ತಾರೆ. ಆ ನಕ್ಷೆಯಲ್ಲಿ ಬೇರೆ ಅಮೈನೊ ಆಮ್ಲಗಳಿಗೆ ಸಿಗುವ ಜಾಗ ಸ್ವಲ್ಪ. ಗ್ಲೈಸಿನ್‌ಗೆ ಮಾತ್ರ ಜಾಸ್ತಿ, ಯಾಕೆಂದರೆ ಡಿಕ್ಕಿ ಹೊಡೆಯಲು ಅದಕ್ಕೆ ಬಾಲವೇ ಇಲ್ಲ. ಸರಪಳಿ ಗಕ್ಕನೆ ತಿರುಗಬೇಕಾದ ಕಡೆ ಪ್ರೋಟೀನ್‌ಗಳು ಗ್ಲೈಸಿನ್ ಇಟ್ಟುಕೊಳ್ಳುವುದು ಇದಕ್ಕೇ. ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ವಾಪಸ್ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗ ಕಟ್ಟಿದರು. ಆ ವಿಭಾಗ ಇವತ್ತಿಗೂ ಇದೆ.

ಆ ಜಾಗದಲ್ಲಿ ಗ್ಲೈಸಿನ್ ಬದಲು ಬೇರೆಯದು ಬಂದರೆ?

ತೊಂದರೆ ಆಗುತ್ತದೆ, ಕೆಲವೊಮ್ಮೆ ದೊಡ್ಡ ತೊಂದರೆ. ನಮ್ಮ ಜೀನ್‌ಗಳಲ್ಲಿ ಒಂದೊಂದು ಅಮೈನೊ ಆಮ್ಲಕ್ಕೂ ಮೂರು ಅಕ್ಷರದ ಸಂಕೇತ ಇದೆ. ಆರ್‌ಎನ್‌ಎ ಭಾಷೆಯಲ್ಲಿ ಗ್ಲೈಸಿನ್‌ಗೆ ಜಿಜಿಯು, ಜಿಜಿಸಿ, ಜಿಜಿಎ, ಜಿಜಿಜಿ ಅಂತ ನಾಲ್ಕು. ಜಿಜಿಯುವಿನಲ್ಲಿ ಮೊದಲ ಅಕ್ಷರ ಬದಲಾಗಿ ಎಜಿಯು ಆಯಿತು ಅನ್ನಿ, ಗ್ಲೈಸಿನ್ ಜಾಗಕ್ಕೆ ಸೆರಿನ್ ಬಂದು ಕೂರುತ್ತದೆ. ಸೆರಿನ್ ದೊಡ್ಡದೇನಲ್ಲ. ಆದರೂ ಆ ಸಂದಿನಲ್ಲಿ ಹಿಡಿಸುವುದಿಲ್ಲ. ಅಲ್ಲಿ ಹೆಣಿಗೆ ಸಡಿಲ ಬೀಳುತ್ತದೆ, ಮೂಳೆ ಬಲ ಕಳೆದುಕೊಳ್ಳುತ್ತದೆ. ಸಣ್ಣ ಪೆಟ್ಟಿಗೂ ಮೂಳೆ ಮುರಿಯುವ ಆಸ್ಟಿಯೊಜೆನೆಸಿಸ್ ಇಂಪರ್ಫೆಕ್ಟಾ ಎಂಬ ಹುಟ್ಟಿನಿಂದ ಬರುವ ಕಾಯಿಲೆಯಲ್ಲಿ ಎಷ್ಟೋ ಜನರಲ್ಲಿ ಆಗಿರುವುದು ಇಂಥದೇ ಒಂದು ಅದಲುಬದಲು.

ರೇಷ್ಮೆಯಲ್ಲೂ ಗ್ಲೈಸಿನ್ ಇದೆ ಅಂತ ಕೇಳಿದ್ದೇವೆ.

ಇದೆ, ಅದೂ ಅರ್ಧದ ಹತ್ತಿರ ಹತ್ತಿರ. ರೇಷ್ಮೆ ನೂಲಿನ ಮುಖ್ಯ ಪ್ರೋಟೀನ್ ಫೈಬ್ರೊಯಿನ್. ಅದರ ಅಮೈನೊ ಆಮ್ಲಗಳಲ್ಲಿ ನೂರಕ್ಕೆ ಸುಮಾರು 45 ಗ್ಲೈಸಿನ್.

ಹುಳ ಸಾಕುವ ಮನೆಯ ಮಕ್ಕಳಿಗೆ ಈ ಭಾಗ ಪಾಠಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ. ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಎಷ್ಟು ಹಾಕಿದರೂ ಸಾಲದು. ಮನೆಯವರೆಲ್ಲ ಹಿಪ್ಪುನೇರಳೆ ಸೊಪ್ಪು ತರುವುದರಲ್ಲೇ ಇರುತ್ತಾರೆ. ರಾತ್ರಿ ಹುಳದ ಮನೆ ಹತ್ತಿರ ನಿಂತರೆ ತಿನ್ನುವ ಸದ್ದು ಕೇಳುತ್ತದೆ. ಆ ದಿನಗಳಲ್ಲಿ ಹುಳದ ಹೊಟ್ಟೆಯೊಳಗಿನ ರೇಷ್ಮೆ ಗ್ರಂಥಿ ಬೆಳೆದು ಫೈಬ್ರೊಯಿನ್‌ನಿಂದ ತುಂಬಿಕೊಳ್ಳುತ್ತದೆ. ಸೊಪ್ಪಿನ ಪ್ರೋಟೀನನ್ನು ಒಡೆದು ಸಿಕ್ಕಿದ ಗ್ಲೈಸಿನ್ ಸಾಲದೆ, ಹುಳ ಬೇರೆ ಅಮೈನೊ ಆಮ್ಲಗಳಿಂದಲೂ ಗ್ಲೈಸಿನ್ ಮಾಡಿಕೊಳ್ಳುತ್ತದೆ. ಹುಳ ಹಣ್ಣಾದ ಮೇಲೆ ಚಂದ್ರಿಕೆ ಎಂಬ ಗೂಡು ಕಟ್ಟುವ ತಟ್ಟಿಗೆ ಬಿಡುತ್ತಾರೆ, ಅಲ್ಲಿ ಗೂಡು ಕಟ್ಟುತ್ತದೆ. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವುದು ಆ ಗೂಡುಗಳೇ.

ಫೈಬ್ರೊಯಿನ್‌ನಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ: ಗ್ಲೈಸಿನ್, ಅಲನಿನ್, ಗ್ಲೈಸಿನ್, ಅಲನಿನ್, ಗ್ಲೈಸಿನ್, ಸೆರಿನ್. ಒಂದು ಬಿಟ್ಟು ಒಂದು ಗ್ಲೈಸಿನ್ ಇರುವುದರಿಂದ ಸರಪಳಿಗಳು ಒತ್ತೊತ್ತಾಗಿ ಪದರ ಪದರವಾಗಿ ಕೂರುತ್ತವೆ. ಎಳೆ ಅಷ್ಟು ತೆಳ್ಳಗಿದ್ದರೂ ಎಳೆದರೆ ಸುಲಭಕ್ಕೆ ತುಂಡಾಗದೆ ಇರುವುದು ಇದರಿಂದ. ಎಳೆಗಳನ್ನು ಅಂಟಿಸುವ ಗೋಂದು ಬೇರೆ ಪ್ರೋಟೀನ್, ಸೆರಿಸಿನ್. ನೂಲು ಬಿಚ್ಚುವಾಗ ಗೂಡನ್ನು ಬಿಸಿನೀರಿಗೆ ಹಾಕುವುದು ಆ ಗೋಂದು ಮೆತ್ತಗಾಗಲಿ ಅಂತ.

ರಕ್ತಕ್ಕೂ ಗ್ಲೈಸಿನ್‌ಗೂ ಏನು ಸಂಬಂಧ?

ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ ಹಿಡಿದಿಟ್ಟುಕೊಳ್ಳುವ ಭಾಗಕ್ಕೆ ಹೀಮ್ ಅಂತ ಹೆಸರು. ಒಂದು ಹೀಮ್ ತಯಾರಿಸಲು ದೇಹಕ್ಕೆ 8 ಗ್ಲೈಸಿನ್ ಬೇಕು. ಒಂದು ಹಿಮೋಗ್ಲೋಬಿನ್‌ಗೆ 4 ಹೀಮ್, ಅಂದರೆ 32 ಗ್ಲೈಸಿನ್. ಒಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ. ಗುಣಿಸಿದರೆ ಒಂದೇ ಕಣಕ್ಕೆ 864 ಕೋಟಿ ಗ್ಲೈಸಿನ್, ಬರೀ ಹೀಮ್‌ಗೆ.

ಇದನ್ನು ಪತ್ತೆ ಮಾಡಿದ ರೀತಿ ಮಜವಾಗಿದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಶೆಮಿನ್ ಎಂಬ ವಿಜ್ಞಾನಿ ಇದ್ದರು. 1945ರಲ್ಲಿ ಅವರು 66 ಗ್ರಾಂ ಗ್ಲೈಸಿನ್ ಅನ್ನು ಮೂರು ದಿನದಲ್ಲಿ ತಾವೇ ತಿಂದರು. ಅದು ಗುರುತು ಹಾಕಿದ ಗ್ಲೈಸಿನ್. ಮಾಮೂಲಿ ನೈಟ್ರೋಜನ್ ಬದಲು ಸ್ವಲ್ಪ ಭಾರದ ನೈಟ್ರೋಜನ್-15 ಅದರಲ್ಲಿತ್ತು. ವಿಕಿರಣ ಏನೂ ಇಲ್ಲ, ಅಪಾಯವಿಲ್ಲ. ಆಮೇಲೆ ಆಗಾಗ ತಮ್ಮ ರಕ್ತ ತೆಗೆದು ಪರೀಕ್ಷಿಸುತ್ತಾ ಹೋದರು. ಗುರುತಿನ ನೈಟ್ರೋಜನ್ ಹೀಮ್‌ನಲ್ಲಿ ಕಾಣಿಸಿಕೊಂಡಿತು, ತಿಂಗಳುಗಟ್ಟಲೆ ಅಲ್ಲೇ ಇತ್ತು, ಆಮೇಲೆ ಇಳಿಯಿತು. ಒಂದೇ ಪ್ರಯೋಗದಲ್ಲಿ ಎರಡು ಉತ್ತರ: ಹೀಮ್‌ನ ನೈಟ್ರೋಜನ್ ಬರುವುದು ಗ್ಲೈಸಿನ್‌ನಿಂದ, ಕೆಂಪು ರಕ್ತಕಣದ ಆಯಸ್ಸು ಸುಮಾರು ನಾಲ್ಕು ತಿಂಗಳು. ಪುಸ್ತಕದಲ್ಲಿ ನೀವು ಬಾಯಿಪಾಠ ಮಾಡುವ "120 ದಿನ" ಗಟ್ಟಿಯಾಗಿದ್ದು ಇಂಥ ಕೆಲಸದಿಂದ.

ಗಾಯ ಆದಾಗ ಹಾಕುವ ಟಿಟಿ ಇಂಜೆಕ್ಷನ್‌ಗೂ ಇದಕ್ಕೂ ಸಂಬಂಧ ಇದೆಯಂತೆ?

ಇದೆ. ಗ್ಲೈಸಿನ್ ಪ್ರೋಟೀನ್ ಕಟ್ಟುವುದಷ್ಟೇ ಅಲ್ಲ, ನರಗಳ ನಡುವೆ ಸಂದೇಶವನ್ನೂ ಒಯ್ಯುತ್ತದೆ. ಬೆನ್ನುಹುರಿಯಲ್ಲಿ ಅದು ಹೇಳುವ ಮಾತು ಒಂದೇ: "ಸಾಕು, ನಿಲ್ಲಿಸು." ನೀವು ಕೈ ಮಡಚುವಾಗ ಮುಂದಿನ ಸ್ನಾಯು ಬಿಗಿಯಾಗಬೇಕು, ಹಿಂದಿನದು ಸಡಿಲ ಆಗಬೇಕು. ಹಿಂದಿನದನ್ನು ಸುಮ್ಮನಿರಿಸುವುದರಲ್ಲಿ ಗ್ಲೈಸಿನ್ ಕೈವಾಡ ಇದೆ.

ಧನುರ್ವಾಯು ತರುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಆಳವಾದ ಗಾಯದೊಳಗೆ ಸೇರಿಕೊಂಡರೆ ಒಂದು ವಿಷ ಬಿಡುತ್ತದೆ. ಆ ವಿಷ ನರದ ದಾರಿ ಹಿಡಿದು ಬೆನ್ನುಹುರಿಗೆ ಹೋಗಿ, ಗ್ಲೈಸಿನ್ ಮತ್ತು ಗಾಬಾ ಎಂಬ ಇನ್ನೊಂದು ತಡೆಯುವ ಪದಾರ್ಥ ಎರಡೂ ಹೊರಗೆ ಬರದ ಹಾಗೆ ಮಾಡುತ್ತದೆ. ನಿಲ್ಲಿಸು ಅನ್ನುವವರೇ ಇಲ್ಲ. ಮೊದಲು ದವಡೆ ಕಚ್ಚಿಕೊಳ್ಳುತ್ತದೆ, ಆಮೇಲೆ ಬೆನ್ನು ಹಿಂದಕ್ಕೆ ಸೆಟೆದುಕೊಳ್ಳುತ್ತದೆ. ಹತ್ತನೇ ಮತ್ತು ಹದಿನಾರನೇ ವಯಸ್ಸಿಗೆ ಹಾಕುವ ಧನುರ್ವಾಯು ಲಸಿಕೆಯನ್ನು ತಪ್ಪಿಸಿಕೊಂಡು ಶೌಚಾಲಯದಲ್ಲಿ ಅಡಗಿಕೊಳ್ಳುವವರು ಇದನ್ನು ಎರಡು ಸಲ ಓದಿ.

ಕಾಸರಕದ ಮರ ಗೊತ್ತಿರುವವರಿಗೆ ಇನ್ನೊಂದು ವಿಷಯ. ಅದರ ಚಪ್ಪಟೆ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಇದೆ. ಅದು ಗ್ಲೈಸಿನ್ ಬಿಡುಗಡೆಯನ್ನು ತಡೆಯುವುದಿಲ್ಲ. ಗ್ಲೈಸಿನ್ ಬಂದು ಕೂರಬೇಕಾದ ಜಾಗವನ್ನೇ ಅಡ್ಡಗಟ್ಟುತ್ತದೆ. ದಾರಿ ಬೇರೆ, ಪರಿಣಾಮ ಹೆಚ್ಚುಕಡಿಮೆ ಅದೇ. ಹಣ್ಣು ಕಿತ್ತಳೆ ಬಣ್ಣಕ್ಕೆ ತಿರುಗಿ ಚೆಂದ ಕಾಣುತ್ತದೆ ಅಂತ ಬಾಯಿಗೆ ಹಾಕಬೇಡಿ.

ಊಟದಲ್ಲಿ ಎಲ್ಲಿ ಸಿಗುತ್ತದೆ? ಸಸ್ಯಾಹಾರಿಗಳು ಏನು ಮಾಡಬೇಕು?

ಚಿಂತೆ ಬೇಡ. ಮಾಂಸ, ಮೀನು, ಮೊಟ್ಟೆ, ಅದರಲ್ಲೂ ಚರ್ಮ ಸಮೇತ ಬೇಯಿಸಿದ ಕೋಳಿಯಲ್ಲಿ ಜಾಸ್ತಿ. ಗಿಡಗಳಲ್ಲಿ ಕೊಲಾಜೆನ್ ಇಲ್ಲ, ಆದರೆ ಗ್ಲೈಸಿನ್ ಇಲ್ಲದ ಊಟ ಸಿಗುವುದು ಕಷ್ಟ. ಕಡಲೆಕಾಯಿ, ಎಳ್ಳು, ಕುಂಬಳದ ಬೀಜ, ಸೋಯಾ, ಹುರುಳಿ, ಬೇಳೆ ಎಲ್ಲದರಲ್ಲೂ ಇದೆ. ಸಾಲದ್ದಕ್ಕೆ ದೇಹವೇ ಸೆರಿನ್‌ನಿಂದ ಗ್ಲೈಸಿನ್ ಮಾಡಿಕೊಳ್ಳುತ್ತದೆ. ಹಾಗಾಗಿ ಊಟದಿಂದಲೇ ಬರಬೇಕಾದ 9 ಅಮೈನೊ ಆಮ್ಲಗಳ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಸೆರಿನ್‌ನಿಂದ ಗ್ಲೈಸಿನ್ ಮಾಡುವ ಕೆಲಸಕ್ಕೆ ಬಿ6 ಮತ್ತು ಫೋಲೇಟ್ ಎಂಬ ವಿಟಮಿನ್‌ಗಳು ಬೇಕು. ಫೋಲೇಟ್‌ಗೆ ಸೊಪ್ಪು, ಕಾಳು ತಿನ್ನಿ.

ಅಂದಹಾಗೆ, ಸಾಮಾನ್ಯ ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಯಿಂದ ಬಂದ ಜೆಲಟಿನ್‌ನದು. ಮನೆಯಲ್ಲಿ ಜೆಲ್ಲಿ ಮಾಡಲು ಬಳಸುವ ಚೈನಾ ಗ್ರಾಸ್ ಕಡಲ ಪಾಚಿಯದು. ಅದು ಪ್ರೋಟೀನೇ ಅಲ್ಲ.

ಕೊಲಾಜೆನ್ ಪೌಡರ್, ಗ್ಲೈಸಿನ್ ಪೌಡರ್ ತಗೋಬಹುದಾ?

ಬೆಳೆಯುವ ಮಕ್ಕಳಿಗೆ ಡಾಕ್ಟರು ಹೇಳದೆ ಇಂಥದ್ದೇನೂ ಬೇಡ. ಕೊಲಾಜೆನ್ ತಿಂದರೆ ಅದು ನೇರವಾಗಿ ಹೋಗಿ ಮುಖದ ಚರ್ಮಕ್ಕೆ ಅಂಟಿಕೊಳ್ಳುವುದಿಲ್ಲ. ಹೊಟ್ಟೆ ಅದನ್ನು ತುಂಡು ತುಂಡು ಮಾಡಿ, ಬೇಳೆ ಸಾರಿನ ಪ್ರೋಟೀನ್ ಜೊತೆ ಒಂದೇ ರಾಶಿಗೆ ಹಾಕುತ್ತದೆ. ಅದೂ ಅಲ್ಲದೆ ಜೆಲಟಿನ್‌ನಲ್ಲಿ ಟ್ರಿಪ್ಟೊಫಾನ್ ಇಲ್ಲ, ಅದೊಂದನ್ನೇ ನಂಬಿಕೊಂಡರೆ ಪ್ರೋಟೀನ್ ಪೂರ್ತಿ ಸಿಕ್ಕಿದಂತಲ್ಲ. ಜಾಹೀರಾತಿನ ದುಡ್ಡಿಗೆ ಎಷ್ಟು ಕೆಜಿ ಕಡಲೆಕಾಯಿ ಬರುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ.

ಟೊಮೆಟೊ ಸಾಸಿನ ಪ್ರಿಸರ್ವೇಟಿವ್ ದೇಹದಲ್ಲಿ ಏನಾಗುತ್ತದೆ?

ಬಾಟಲಿ ಮೇಲೆ ಐಎನ್ಎಸ್ 211 ಇದ್ದರೆ ಅದು ಸೋಡಿಯಂ ಬೆಂಜೊಯೇಟ್. ಪಿತ್ತಜನಕಾಂಗ ಅದಕ್ಕೆ ಒಂದು ಗ್ಲೈಸಿನ್ ಜೋಡಿಸಿ ಹಿಪ್ಪುರಿಕ್ ಆಮ್ಲ ಮಾಡುತ್ತದೆ. ಅದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಹುಲ್ಲು ಮೇಯುವ ಪ್ರಾಣಿಗಳಲ್ಲಿ ಇದು ಇನ್ನೂ ಜಾಸ್ತಿ. 1829ರಲ್ಲಿ ಜರ್ಮನಿಯ ಲೀಬಿಗ್ ಈ ಆಮ್ಲವನ್ನು ಗುರುತಿಸಿದ್ದು ಕುದುರೆಯ ಮೂತ್ರದಲ್ಲಿ.

ಪರೀಕ್ಷೆಗೆ ಬರುವ ಪ್ರಶ್ನೆ: ಗ್ಲೈಸಿನ್ ಯಾಕೆ ಆಪ್ಟಿಕಲಿ ಆಕ್ಟಿವ್ ಅಲ್ಲ?

ಆಪ್ಟಿಕಲಿ ಆಕ್ಟಿವ್ ಅಂದರೆ ಧ್ರುವೀಕೃತ ಬೆಳಕನ್ನು ಎಡಕ್ಕೋ ಬಲಕ್ಕೋ ತಿರುಗಿಸುವ ಗುಣ ಇರುವುದು. ಅದಕ್ಕೆ ಅಣುವಿಗೆ ಎರಡು ರೂಪ ಇರಬೇಕು. ನಡುವಿನ ಕಾರ್ಬನ್‌ಗೆ ನಾಲ್ಕು ಬೇರೆ ಬೇರೆ ಗುಂಪು ಇದ್ದರೆ ಮಾತ್ರ ಅಣುವಿಗೆ ಎಡ ರೂಪ, ಬಲ ರೂಪ ಅಂತ ಎರಡು ಇರುತ್ತವೆ. ಗ್ಲೈಸಿನ್‌ನಲ್ಲಿ ಎರಡು ಕಡೆ ಹೈಡ್ರೋಜನ್ನೇ ಇದೆ. ಕನ್ನಡಿಯಲ್ಲಿ ನೋಡಿದರೂ ಅದೇ ಅಣು. ಉಳಿದ 19ಕ್ಕೂ ಎರಡು ರೂಪ ಸಾಧ್ಯ. ಇಷ್ಟು ಬರೆದರೆ ಪೂರ್ತಿ ಅಂಕ.

ಧೂಮಕೇತುವಿನಲ್ಲಿ ಗ್ಲೈಸಿನ್ ಸಿಕ್ಕಿದ್ದು ನಿಜವಾ?

ನಿಜ. ನಾಸಾದ ಸ್ಟಾರ್‌ಡಸ್ಟ್ ನೌಕೆ 2004ರ ಜನವರಿಯಲ್ಲಿ ವಿಲ್ಟ್ 2 ಎಂಬ ಧೂಮಕೇತುವಿನ ಪಕ್ಕದಲ್ಲೇ ಹಾದುಹೋಗಿ ಧೂಳು ಹಿಡಿಯಿತು. ಆ ಧೂಳಿನ ಪೆಟ್ಟಿಗೆ 2006ರಲ್ಲಿ ಅಮೆರಿಕದ ಯೂಟಾ ಮರುಭೂಮಿಯಲ್ಲಿ ಇಳಿಯಿತು. ಗ್ಲೈಸಿನ್ ಕಂಡಿತು, ಆದರೆ ಅದು ಭೂಮಿಯಲ್ಲೇ ಅಂಟಿಕೊಂಡದ್ದಿರಬಹುದಲ್ವಾ? ಅದಕ್ಕೆ ಅದರ ಕಾರ್ಬನ್ ಪರೀಕ್ಷಿಸಿದರು. ಭೂಮಿಯ ಗ್ಲೈಸಿನ್‌ನಲ್ಲಿ ಇರುವುದಕ್ಕಿಂತ ಭಾರದ ಕಾರ್ಬನ್-13 ಜಾಸ್ತಿ ಇತ್ತು. 2009ರಲ್ಲಿ ಸುದ್ದಿ ಹೊರಬಿತ್ತು. 2016ರಲ್ಲಿ ಯುರೋಪಿನ ರೊಸೆಟ್ಟಾ ನೌಕೆಯ ತಂಡ 67ಪಿ ಧೂಮಕೇತುವಿನ ಸುತ್ತಲಿನ ಅನಿಲದಲ್ಲೂ ಗ್ಲೈಸಿನ್ ಇದೆ ಅಂತ ತಿಳಿಸಿತು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲೂ ಇತ್ತು.

ಜೀವ ಇಲ್ಲದ ಕಡೆಯೂ ಗ್ಲೈಸಿನ್ ತಾನಾಗಿ ಆಗಬಲ್ಲದು ಅಂತ ಇದಕ್ಕೂ ಮೊದಲೇ ಗೊತ್ತಿತ್ತು. 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಮೀಥೇನ್, ಅಮೋನಿಯಾ, ಹೈಡ್ರೋಜನ್, ನೀರಿನ ಆವಿ ಇರುವ ಗಾಜಿನ ಪಾತ್ರೆಯಲ್ಲಿ ವಿದ್ಯುತ್ ಕಿಡಿ ಹಾರಿಸಿದ ಪ್ರಯೋಗದಲ್ಲಿ ಗ್ಲೈಸಿನ್ ಬಂತು. ಗುರುತಿಸಿದ್ದು ನಿನ್‌ಹೈಡ್ರಿನ್ ಸಿಂಪಡಿಸಿದ ಕಾಗದದ ಮೇಲಿನ ನೇರಳೆ ಚುಕ್ಕೆಯಿಂದ. ನಿಮ್ಮ ಕಾಲೇಜು ಲ್ಯಾಬಿನಲ್ಲಿ ಮಾಡುವ ನಿನ್‌ಹೈಡ್ರಿನ್ ಪರೀಕ್ಷೆ ಅದೇ. ಬಾಟಲಿ ಬರಿಗೈಯಲ್ಲಿ ಮುಟ್ಟಿದರೆ ಬೆರಳೂ ನೇರಳೆ ಆಗುತ್ತದೆ, ಯಾಕೆಂದರೆ ಬೆವರಿನಲ್ಲೂ ಅಮೈನೊ ಆಮ್ಲ ಇದೆ.

ತೋಟಕ್ಕೆ ಹೊಡೆಯುವ ಗ್ಲೈಫೋಸೇಟ್ ಕಳೆನಾಶಕದಲ್ಲಿ ಗ್ಲೈಸಿನ್ ಇದೆಯಾ?

ಗ್ಲೈಸಿನ್‌ಗೆ ರಂಜಕ ಇರುವ ಒಂದು ಬಾಲ ಜೋಡಿಸಿದರೆ ಗ್ಲೈಫೋಸೇಟ್ ಆಗುತ್ತದೆ. ಆದರೆ ಗುಣ ಪೂರ್ತಿ ಬೇರೆ. ಗಿಡಗಳು ಫೀನೈಲ್‌ಅಲನಿನ್, ಟೈರೊಸಿನ್, ಟ್ರಿಪ್ಟೊಫಾನ್ ಎಂಬ ಮೂರು ಅಮೈನೊ ಆಮ್ಲಗಳನ್ನು ಮಾಡಿಕೊಳ್ಳುವ ದಾರಿಯಲ್ಲಿನ ಒಂದು ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಆ ಮೂರೂ ಇಲ್ಲದೆ ಗಿಡ ಒಣಗುತ್ತದೆ. ಆ ಕಿಣ್ವ ಮನುಷ್ಯರಲ್ಲಿ ಇಲ್ಲ, ಆದರೆ ಅದರಿಂದ ಔಷಧಿ ಸುರಕ್ಷಿತ ಅಂತ ಆಗುವುದಿಲ್ಲ. ಹೊಡೆಯುವಾಗ ಮಕ್ಕಳು ತೋಟದ ಕಡೆ ಹೋಗಬಾರದು. ಖಾಲಿ ಡಬ್ಬ ತೊಳೆದು ನೀರು ತುಂಬಿಸಿಡುವ ಅಭ್ಯಾಸ ಮನೆಯಲ್ಲಿದ್ದರೆ ಇವತ್ತೇ ಬಿಡಿಸಿ.